ಮಾಬುಬೀ ಕೊಟ್ಟ ಕನ್ನಡಿ

ಮಸ್ಕಿ
ಫಸಲಿ ೧೩೪೫, ಆಷಾಢ ಬಹುಳ ಬಿದಿಗೆ

ಪೂಜ್ಯ ಗದ್ದೆಪ್ಪ ಮಾಸ್ತರರ ಪಾದಗಳಿಗೆ ನಿಮ್ಮ ಹಳೆಯ ವಿದ್ಯಾರ್ಥಿ, ತುರ್ವಿಹಾಳದ ಬಾಲಪ್ಪನ ನಮಸ್ಕಾರ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಆದರೆ ಸುಳ್ಳು ಬರೆದರೆ ನೀವು ಲಿಂಗಸುಗೂರಿನಲ್ಲಿ ಕೂತೇ ನನ್ನ ಕಿವಿ ಹಿಂಡುತ್ತೀರಿ. ಆದ್ದರಿಂದ ಪದ್ಧತಿ ಬಿಟ್ಟಿದ್ದೇನೆ.

ಇಲ್ಲಿಯ ಆದೆಪ್ಪ ಸಾಹುಕಾರರು ತಮ್ಮ ಹತ್ತಿ ಕೋಠಿಯಲ್ಲಿ ಸ್ವಂತ ಖರ್ಚಿನಿಂದ ತೆರೆಸಿದ ಖಾನಗಿ ಕನ್ನಡ ಶಾಲೆಗೆ ನಾನು ಮಾಸ್ತರನಾಗಿ ಬಂದು ತಿಂಗಳಾಯಿತು. ಬಂದ ದಿನ ಕೋಠಿ ತುಂಬ ಮಕ್ಕಳಿದ್ದರು. ಈಗ ಕೋಠಿ ತುಂಬ ಗಾಳಿ ಇದೆ. ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬನ ಮನೆಯ ಎಮ್ಮೆ ಈದಿದೆ, ಮತ್ತೊಬ್ಬನ ಅಜ್ಜಿ ತೀರಿಕೊಂಡಿದ್ದಾಳೆ. ಅದೇ ಅಜ್ಜಿ ಹೋದ ವಾರವೂ ತೀರಿಕೊಂಡಿದ್ದಳು. ಬಂದ ಮಕ್ಕಳಾದರೂ ಓದುತ್ತಾರೆಯೇ? ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಕೂತಿರುತ್ತಾರೆ.

ದೀಪಾವಳಿಯೊಳಗೆ ವಿದ್ಯಾಭ್ಯಾಸದ ತಾಲೀಮ್ ಖಾತೆಯ ಸಾಹೇಬರು ಶಾಲೆ ನೋಡಲು ಬರುತ್ತಾರಂತೆ. ಅವರಿಗೆ ಮೆಚ್ಚಿಗೆಯಾದರೆ ಸರ್ಕಾರದ ಇಜಾಜತ್ ಪರವಾನಗಿ ಸಿಕ್ಕು ಶಾಲೆ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಬೀಗ ಬಿದ್ದರೆ ನನ್ನ ಗತಿ ಏನೆಂದು ನಮ್ಮಪ್ಪ ಮೊದಲೇ ಹೇಳಿ ಕಳಿಸಿದ್ದಾರೆ: "ದೀಪಾವಳಿ ತನಕ ಆಡೋದು ಆಡು. ಸಾಲಿಗೆ ಕೀಲಿ ಬಿತ್ತಂದ್ರ ಸುಮ್ಮನ ಬಂದು ನನ್ನ ಹತ್ತಿ ಅಂಗಡ್ಯಾಗ ತಕ್ಕಡಿ ಹಿಡೀಬೇಕು." ಮಾಸ್ತರೇ, ನನಗೆ ತಕ್ಕಡಿ ಬೇಡ. ಚಿಕ್ಕವನಿದ್ದಾಗಿನಿಂದ ನಾನು ಆಗಬೇಕೆಂದದ್ದು ನೀವು. ನಿಮಗೂ ನಮ್ಮಪ್ಪನಿಗೂ ಇರುವ ಮುನಿಸಿಗೆ ಇದೇ ಕಾರಣವೆಂದು ನಿಮಗೆ ಗೊತ್ತೇ ಇದೆ.

ನನ್ನ ಬೇವಿನ ಕೋಲು ಮುರಿದಿದೆ. ಜಟಕಾ ಹೊಡೆಯುವ ಮೌಲಾಹುಸೇನನ ಕೈಯಲ್ಲಿ ಒಂದು ಒಳ್ಳೆಯ ಬೆತ್ತ ಕಳಿಸಿಕೊಡಬೇಕು.

ನಿಮ್ಮ ಬಾಲಪ್ಪ


ಲಿಂಗಸುಗೂರು
ಆಷಾಢ ಬಹುಳ ನವಮಿ

ಬಾಲಪ್ಪಾ,

ಬೆತ್ತ ಕಳಿಸುವುದಿಲ್ಲ. ಕೂದಲು ಹಣ್ಣಾಗುವವರೆಗೆ ಮಾಸ್ತರಿಕೆ ಮಾಡಿದ್ದೇನೆ, ಒಂದು ದಿನ ಬೆತ್ತ ಮುಟ್ಟಿದವನಲ್ಲ.

ಖಾನಗಿ ಶಾಲೆಯ ಹೊಸ ಮಾಸ್ತರರೆಲ್ಲ ನನಗೆ ಬರೆಯುವುದು ಇದೇ ರಾಗ. ಮಕ್ಕಳು ಸರಿಯಿಲ್ಲ, ತಾಯಂದಿರು ಸರಿಯಿಲ್ಲ, ಮಳೆ ಸರಿಯಿಲ್ಲ. ತಾನೊಬ್ಬ ಮಾತ್ರ ಸರಿ! ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ. ಡೊಂಕು ಎಲ್ಲಿದೆ ಎಂದು ನಿನಗೆ ತಿಳಿಯಬೇಕಾದರೆ ನಾನು ಹೇಳುವ ಒಂದೇ ಮಾತು ಕೇಳು. ದಿನಾ ಪಾಠ ಮುಗಿದ ಮೇಲೆ ಒಂದು ಗಳಿಗೆ ಕನ್ನಡಿ ನೋಡಿಕೋ. ಏನು ಕಂಡಿತೋ ನನಗೆ ಬರೆ. ಕಂಡ ದೋಷವನ್ನು ತೆಗೆ.

ಇಷ್ಟೇ. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಿದರೆ ಮಾತಿನ ಬೆಲೆ ಹೋಗುತ್ತದೆ.

ಗದ್ದೆಪ್ಪ


ಮಸ್ಕಿ
ಶ್ರಾವಣ ಶುದ್ಧ ಸಪ್ತಮಿ

ಪೂಜ್ಯ ಮಾಸ್ತರರಿಗೆ ನಮಸ್ಕಾರ.

ನೀವು ಹೇಳಿದಂತೆ ಕನ್ನಡಿ ನೋಡಿಕೊಳ್ಳಲು ಹಿಡಿದಿದ್ದೇನೆ. ಹೇಳಲು ನಾಚಿಕೆ, ಇಷ್ಟು ದಿನ ನನ್ನ ಹತ್ತಿರ ಅದು ಇರಲೇ ಇಲ್ಲ. ಮಂದಿ ನನ್ನ ಬಗ್ಗೆ ಹೇಳಿದ್ದನ್ನೇ ನಂಬಿಕೊಂಡು ಬಂದಿದ್ದೆ. ಕೊನೆಗೆ ಸಿಂಧನೂರು ಸಂತೆಯಲ್ಲಿ ಬಳೆ ಮಾರುವ ಮಾಬುಬೀ ಎಂಬ ಮುದುಕಿಯ ಹತ್ತಿರ ಸಿಕ್ಕಿತು. "ಇಷ್ಟ್ ದಿನಾ ಕನ್ನಡಿ ಇಲ್ಲದ ಹೆಂಗ ಬದುಕಿದ್ಯೋ ಬೇಟಾ?" ಎಂದಳು. ದೊಡ್ಡದು ಕೊಡು ಎಂದರೆ, "ದೊಡ್ಡದು ಎದಕ್ಕ? ನಿನ್ನ ಮುಖ ನಿನಗ ಕಂಡ್ರ ಸಾಕಿಲ್ಲೇನು?" ಎಂದಳು. ಅದೂ ನಿಜವೆನಿಸಿತು.

ಮೊದಲ ದಿನ ಕತ್ತಲಲ್ಲಿ ಏನೂ ಕಾಣಲಿಲ್ಲ. ಬೆಳಕಿನ ಕಡೆ ತಿರುಗಿದ ಮೇಲೆ ಕಂಡಿತು. ಕಂಡದ್ದು ಒಳ್ಳೆಯದಲ್ಲ, ಮಾಸ್ತರೇ. ಮುಖ್ಯ ದೋಷ ಮೀಸೆಯದು. ಅದು ಈ ಪರಿ ಬೆಳೆದಿದೆಯೆಂದು ನನಗೇ ಗೊತ್ತಿರಲಿಲ್ಲ. ಮಕ್ಕಳು ಅದಕ್ಕೇ ಹೆದರುತ್ತಿರಬೇಕು.

ಪೂರ್ತಿ ತೆಗೆಯಲೋ, ಸ್ವಲ್ಪ ಇಳಿಸಿದರೆ ಸಾಕೋ? ನಿಮ್ಮ ಅಪ್ಪಣೆಗೆ ಕಾದಿದ್ದೇನೆ.

ಬಾಲಪ್ಪ


ಲಿಂಗಸುಗೂರು
ಶ್ರಾವಣ ಶುದ್ಧ ತ್ರಯೋದಶಿ

ಭಲೆ, ಬಾಲಪ್ಪ!

ನಿನ್ನ ಪತ್ರವನ್ನು ನನ್ನ ಹೆಂಡತಿ ಅಮರಮ್ಮನಿಗೆ ಓದಿ ಹೇಳಿದೆ. "ಬೆಳಕಿನ ಕಡೆ ತಿರುಗಿದ ಮೇಲೆ ಕಂಡಿತು." ಎಂಥ ಮಾತು ಬರೆದೆಯೋ! ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದ ಬಾಲಪ್ಪ ನೀನೇ ಹೌದೋ ಅಲ್ಲವೋ ಎಂದು ಅನುಮಾನ ಬಂತು.

ಆ ಮಾಬುಬೀ ತಾಯಿಯ ಹೆಸರನ್ನು ನಾನು ಈವರೆಗೆ ಕೇಳಿರಲಿಲ್ಲವಲ್ಲ! ಸಂತೆಯಲ್ಲಿ ಬಳೆ ಮಾರುತ್ತ ಕೂತು ಇಂಥ ಜ್ಞಾನ ಹಂಚುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಅನುಭಾವಕ್ಕೆ ಜಾತಿಯುಂಟೇ? "ನಿನ್ನ ಮುಖ ನಿನಗೆ ಕಂಡರೆ ಸಾಕು" ಎಂಬುದನ್ನು ನಾನು ಗೋಡೆಯ ಮೇಲೆ ಬರೆಸಿದ್ದೇನೆ. ಮೌಲಾಹುಸೇನನ ಕೈಯಲ್ಲಿ ಆ ತಾಯಿಗೆ ಒಂದು ತೆಂಗಿನಕಾಯಿ, ಊದುಬತ್ತಿ ಕಳಿಸಿದ್ದೇನೆ.

ಇನ್ನು ಮೀಸೆಯ ಮಾತು. ಇಳಿಸುವುದಲ್ಲ, ಬೋಳಿಸಿಬಿಡು. ಹೊಸ ಮಾಸ್ತರನಿಗೆ ಮೀಸೆಗಿಂತ ದೊಡ್ಡ ವೈರಿಯಿಲ್ಲ. ಇವತ್ತು ಇಳಿಸಿದರೆ ನಾಳೆ ತಾನೇ ಮೇಲೇಳುತ್ತದೆ. ನಿಮ್ಮ ಮನೆತನಕ್ಕೇ ಈ ರೋಗವಿದೆ, ನಿಮ್ಮಪ್ಪ ಬಸ್ಸಪ್ಪನನ್ನು ನೋಡಿದರೆ ತಿಳಿಯುವುದಿಲ್ಲವೇ?

ಗದ್ದೆಪ್ಪ


ಮಸ್ಕಿ
ಶ್ರಾವಣ ಬಹುಳ ಷಷ್ಠಿ

ಪೂಜ್ಯರೇ,

ನಿಮ್ಮ ಅಪ್ಪಣೆಯಂತೆ ಮೀಸೆ ಹೋಯಿತು. ಮೊದಲೆರಡು ದಿನ ತುಟಿಯ ಮೇಲೆ ಗಾಳಿ ಆಡಿದಂತಾಯಿತು, ಈಗ ರೂಢಿಯಾಗಿದೆ.

ಮಾಸ್ತರೇ, ಏನು ಮಹಿಮೆ ಇದು! ಮೀಸೆ ಹೋದ ದಿನದಿಂದ ಮಸ್ಕಿಯವರು ನನಗೆ ಕೊಡುವ ಮರ್ಯಾದೆಯೇ ಬೇರೆ. ನಾನು ಬಂದರೆ ಕಟ್ಟೆಯ ಮೇಲೆ ಕೂತವರು ನಗುವುದನ್ನು ನಿಲ್ಲಿಸಿ ಎದ್ದು ನಿಲ್ಲುತ್ತಾರೆ. ಪಕ್ಕದ ಮನೆಯ ಅಯ್ಯಮ್ಮ ನನ್ನ ಒಲೆ ಹಚ್ಚಗೊಡುತ್ತಿಲ್ಲ, ಮೂರು ಹೊತ್ತೂ ತಾನೇ ರೊಟ್ಟಿ ಪಲ್ಯ ತಂದಿಡುತ್ತಾಳೆ. ಅವಳ ಮಗಳು ಗ್ಯಾನಮ್ಮ ನನ್ನ ಶಾಲೆಯಲ್ಲಿದ್ದಾಳೆ, ಹುಡುಗಿಯ ಓದು ಸುಧಾರಿಸಿದ್ದಕ್ಕೆ ಇರಬೇಕು. ನಿನ್ನೆ ಅಯ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೆಂಗ ತಡಕೊಂಡೀರ್ರೀ ಮಾಸ್ತರಾ?" ಎಂದಳು. ಮಕ್ಕಳ ಗಲಾಟೆಯ ಮಾತಿರಬೇಕೆಂದು, "ಏನ್ ಮಾಡೋದ್ರೀ, ಎಲ್ಲರಿಗೂ ಬರೋದ. ತಡಕೋಬೇಕು" ಎಂದೆ. ಅವಳು ಇನ್ನೂ ಜೋರಾಗಿ ಅತ್ತಳು. ಕಲಿತವರನ್ನು ಕಂಡರೆ ಇಷ್ಟು ಮಮತೆಯಿರುವ ಊರನ್ನು ನಾನು ಕಂಡಿಲ್ಲ.

ಮಕ್ಕಳೂ ಬರುತ್ತಿದ್ದಾರೆ. ಮನೆಯವರೇ ದಬ್ಬಿ ಕಳಿಸುತ್ತಿದ್ದಾರೆ. ಆದರೆ ಬಾಯಿ ಮಾತ್ರ ಇನ್ನೂ ಬಿಡುತ್ತಿಲ್ಲ. ಕನ್ನಡಿಯನ್ನು ಇನ್ನೂ ಉಜ್ಜಬೇಕೇನೋ.

ಬಾಲಪ್ಪ


ಲಿಂಗಸುಗೂರು
ಭಾದ್ರಪದ ಶುದ್ಧ ಬಿದಿಗೆ

ಬಾಲಪ್ಪ, ನನ್ನ ಮಗನೇ,

ಈಗ ಮೌಲಾಹುಸೇನ ಹೇಳಿದ. "ಮಸ್ಕಿ ಮಾಸ್ತರ ತಂದಿ ತೀರಿಕೊಂಡಾರಂತ್ರೀ, ಮೀಸಿ ತಗಿಸ್ಯಾರ" ಎಂದ. ನನ್ನ ಕೈಯೊಳಗಿನ ಚಹಾದ ಬಟ್ಟಲು ಹಾಗೆಯೇ ಉಳಿಯಿತು. "ಮೀಸೆ ಹೋಯಿತು" ಎಂದು ನೀನು ಬರೆದದ್ದರ ಅರ್ಥ ಈಗ ತಿಳಿಯಿತು. ನಾನೊಬ್ಬ ಮೂಢ, ಅಹಂಕಾರ ಹೋಯಿತೆಂದು ಹಿಗ್ಗಿದೆ! ಎದೆಯಲ್ಲಿ ಅಂಥ ದುಃಖವಿಟ್ಟುಕೊಂಡು ಎರಡೇ ಮಾತಿನಲ್ಲಿ ತಿಳಿಸಿ ಮತ್ತೆ ಶಾಲೆಯ ವಿಷಯಕ್ಕೆ ಹೋದೆಯಲ್ಲ, ನಿನ್ನಂಥ ಮಾಸ್ತರ ಇನ್ನೊಬ್ಬನಿಲ್ಲ.

ನಿಮ್ಮಪ್ಪ ನನ್ನನ್ನು ಕಂಡರೆ ಬೆನ್ನು ತಿರುಗಿಸಿ ಹೋಗುತ್ತಿದ್ದ. ಆದರೆ ಬಿರುಗಾಳಿಗೆ ನನ್ನ ಶಾಲೆಯ ಮಾಡು ಹಾರಿದ ವರ್ಷ ಯಾರೂ ಕೇಳದೆ ತಗಡು ತುಂಬಿದ ಬಂಡಿ ಕಳಿಸಿದವನು ಬಸ್ಸಪ್ಪನೇ. ಬಂಡಿಯವನಿಗೆ ಹೆಸರು ಹೇಳಬೇಡ ಎಂದಿದ್ದನಂತೆ. ಅವನ ಮಾತು ಹಾಗಲಕಾಯಿ, ಕರುಳು ಬೆಣ್ಣೆ. ಹತ್ತಿ ತೂಗುವಾಗ ರೈತನ ಕಡೆ ತಕ್ಕಡಿ ತುಸು ಬಾಗಿಸುತ್ತಿದ್ದ ಅಡತಿಯವನು ಈ ಸೀಮೆಯಲ್ಲಿ ಅವನೊಬ್ಬನೇ. ಈ ಕಡೆಯ ದೊಡ್ಡ ಮನುಷ್ಯರಲ್ಲಿ ನಾನು ಮನಸ್ಸಿನಲ್ಲಿ ಕೈಮುಗಿಯುತ್ತಿದ್ದವನೂ ಅವನೊಬ್ಬನೇ. ಮುನಿಸಿಕೊಳ್ಳಲು ಇನ್ನು ನನಗೆ ಯಾರಿದ್ದಾರೆ, ಬಾಲಪ್ಪ?

ಗದ್ದೆಪ್ಪ


ಮಸ್ಕಿ
ಭಾದ್ರಪದ ಶುದ್ಧ ದಶಮಿ

ಪೂಜ್ಯರೇ,

ನಮ್ಮಪ್ಪ ಬದುಕಿದ್ದಾರೆ. ಈಗ ನನ್ನೆದುರಿಗೇ ಕೂತು ಎಲೆಯಡಿಕೆ ಹಾಕುತ್ತಿದ್ದಾರೆ. "ಬರೀ, ಬರೀ, ಬದುಕ್ಯಾನ ಅಂತ ದಪ್ಪ ಅಕ್ಷರದಾಗ ಬರೀ" ಎನ್ನುತ್ತಿದ್ದಾರೆ.

ನಡೆದದ್ದು ಹೀಗೆ. ನಾನು ಸುಖವಾಗಿದ್ದೇನೋ ಇಲ್ಲವೋ ನೋಡಿ ಹೋಗಲು ಅಪ್ಪ ಮೊನ್ನೆ ಬಂದರು. ಊರ ಬಾಗಿಲಲ್ಲಿ ಒಬ್ಬನನ್ನು ಮಾಸ್ತರರ ಮನೆ ಯಾವುದೆಂದು ಕೇಳಿದ್ದಾರೆ. ಆತ, "ಮಾತಾಡ್ಸಾಕ ಬಂದೀರೇನ್ರೀ? ಪಾಪ, ಅವರ ತಂದಿ ಬಸ್ಸಪ್ಪ ಹೋದ್ನಲ್ರೀ" ಎಂದ.

"ಹೆಂಗ ಹೋದ?" ಎಂದರು ಅಪ್ಪ.

"ಬಾಳ ಜಿಪುಣ ಇದ್ನಂತ್ರೀ. ಉಣ್ಣಲಾರದ ಹೋದ."

ಅಪ್ಪ ಆತನಿಗೆ ಏನಂದರೋ ಬರೆಯಲು ಬರುವುದಿಲ್ಲ. ಅಲ್ಲಿಂದ ನೇರವಾಗಿ ಅಯ್ಯಮ್ಮನ ಬಾಗಿಲಿಗೆ ಬಂದು, "ನಾ ಮಾಸ್ತರನ ಅಪ್ಪ ಬಂದೀನಿ" ಎಂದು ಗುಡುಗಿದರು. ಅಯ್ಯಮ್ಮ ಕೈಯೊಳಗಿನ ರೊಟ್ಟಿಯ ಬುಟ್ಟಿಯನ್ನು ಬಿಟ್ಟು, ಹಿತ್ತಲ ಬಾಗಿಲಿನಿಂದ ಓಡಿದವಳು ಸಂಜೆಯವರೆಗೆ ತಿರುಗಿ ಬರಲಿಲ್ಲ. ಊರವರ ಮರ್ಯಾದೆಯ ಗುಟ್ಟು ನನಗೆ ಆಗ ತಿಳಿಯಿತು. ತಂದೆ ಇದ್ದವನು ಮೀಸೆ ತೆಗೆಸಬಾರದೆಂಬುದು ದನ ಕಾಯುವವನಿಗೂ ಗೊತ್ತು, ಪಾಠದ ಗುಂಗಿನಲ್ಲಿ ನನಗೆ ಹೊಳೆಯಲೇ ಇಲ್ಲ. "ಬಾಡ್ಕೋ, ನಾ ಜೀವಂತ ಇರಾಕ ನನ್ನ ಕೊಂದ್ಯಲ್ಲಲೇ! ಈಗಿಂದೀಗ ತುರ್ವಿಹಾಳಕ್ಕ ನಡಿ" ಎಂದು ಅಪ್ಪ ನನ್ನ ಟ್ರಂಕನ್ನು ಹೊರಗೆಳೆದರು. ನನ್ನ ಮಾಸ್ತರಿಕೆ ಅಲ್ಲಿಗೆ ಮುಗಿಯಿತೆಂದೇ ತಿಳಿದಿದ್ದೆ.

ಅಷ್ಟರಲ್ಲಿ ಮೌಲಾಹುಸೇನ ನಿಮ್ಮ ಪತ್ರ ತಂದ. ಅಪ್ಪನನ್ನು ಕಂಡು ಅವನು ಜಟಕಾದಿಂದ ಬಿದ್ದದ್ದು ಬೇರೆ ಮಾತು. ಅಪ್ಪ ಪತ್ರ ಓದಿಸಿದರು. ಟ್ರಂಕಿನ ಮೇಲೆ ಕೂತರು. "ಬೆಣ್ಣಿ ಅಂದಾನಲ್ಲ, ಅದನ್ನ ಇನ್ನೊಮ್ಮೆ ಓದು" ಎಂದರು. ಆಮೇಲೆ ತಗಡಿನ ಮಾತು ಇನ್ನೊಮ್ಮೆ. ಆಮೇಲೆ ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ. "ಗದ್ದೆಪ್ಪಗ ಗೊತ್ತಿತ್ತಲ್ಲೋ" ಎಂದು ಎದ್ದು, ಟ್ರಂಕನ್ನು ತಾವೇ ಒಳಗೆ ದಬ್ಬಿ, "ಸತ್ತದ್ದು ಚಲೋನ ಆತು ನೋಡು. ಇರಲಿ, ದೀಪಾವಳಿ ತನಕ ಅಂದಿದ್ನೆಲ್ಲ, ಅಲ್ಲೀತನಕ ಇರು" ಎಂದರು.

ಮರುದಿನ ನನ್ನ ಕನ್ನಡಿ ಅವರ ಕಣ್ಣಿಗೆ ಬಿತ್ತು. ದಿನಾ ಪಾಠ ಮುಗಿದ ಮೇಲೆ ಅದರಲ್ಲಿ ಮುಖ ನೋಡಿಕೊಳ್ಳಬೇಕೆಂದು ನೀವು ಹೇಳಿದ್ದನ್ನು ತಿಳಿಸಿದೆ. "ಮುಖ ನೋಡ್ಕೋಂತ ಕುಂದ್ರಾಕ ನೀ ಏನ್ ಮದುಮಗಳೇನಲೇ? ಪಾಠ ಮಾಡೋದು ನೋಡ್ಕೋ ಅಂದಿರಬೇಕಂವಾ" ಎಂದು ತಾವೇ ಮೊಳೆ ಹೊಡೆದು, ಶಾಲೆಯ ಹಲಗೆಯ ಪಕ್ಕಕ್ಕೆ ಕನ್ನಡಿಯನ್ನು ತೂಗುಹಾಕಿದರು.

ನಾನು ಮಕ್ಕಳಿಗೆ ಬೆನ್ನು ಮಾಡಿ, ಹಲಗೆಯ ಮೇಲೆ ಬರೆಯಲೆಂದು ಕೈ ಎತ್ತಿದೆ. ಕನ್ನಡಿಯಲ್ಲಿ ನನ್ನ ಹೆಗಲ ಹಿಂದೆ ಗ್ಯಾನಮ್ಮ ಕಂಡಳು. ಪಾಟಿಯನ್ನು ತಲೆಯ ಮೇಲೆ ಅಡ್ಡ ಹಿಡಿದು, ಅರ್ಧ ಕಣ್ಣು ಮುಚ್ಚಿ ಕೂತಿದ್ದಳು. ಕೈ ಇಳಿಸಿದೆ, ಪಾಟಿ ಇಳಿಯಿತು. ಎತ್ತಿದೆ, ಏರಿತು. ಅದು ಬರೆಯಲು ಎತ್ತಿದ ಕೈ, ಮಾಸ್ತರೇ! ಹೊಡೆಯಲು ಎತ್ತಿದ್ದಲ್ಲ. ಆದರೆ ಎರಡಕ್ಕೂ ವ್ಯತ್ಯಾಸ ತಿಳಿಯದ ಹಾಗೆ ಮಾಡಿಟ್ಟವನು ನಾನೇ. ಹಲಗೆಯ ಕಡೆ ಮುಖ ಮಾಡಿಕೊಂಡೇ ಅತ್ತೆ. ಯಾರಿಗೂ ಕಾಣುವುದಿಲ್ಲವೆಂದುಕೊಂಡಿದ್ದೆ, ಕನ್ನಡಿಯಲ್ಲಿ ಮಕ್ಕಳಿಗೂ ನಾನು ಕಾಣುತ್ತೇನೆಂದು ನೆನಪಾಗಲಿಲ್ಲ.

"ಮಾಸ್ತರಾ, ನಿಮ್ಮ ಅಪ್ಪ ಸತ್ತಿಲ್ಲಲ್ರೀ, ಯಾಕ ಅಳ್ತೀರಿ?" ಎಂದಳು ಗ್ಯಾನಮ್ಮ. ಅವಳು ತಾನಾಗಿ ನನ್ನೊಡನೆ ಆಡಿದ ಮೊದಲ ಮಾತು ಅದು.

ಮುರಿದದ್ದರ ಬದಲಿಗೆ ಕಡಿದುಕೊಂಡಿದ್ದ ಹೊಸ ಬೇವಿನ ಕೋಲು ಅಯ್ಯಮ್ಮನ ಒಲೆಗೆ ಹೋಯಿತು. ಇಂಥ ಕನ್ನಡಿ ನೋಡಲು ಹೇಳಿದ ನಿಮಗೆ ಎಷ್ಟು ಕೈಮುಗಿದರೂ ಸಾಲದು.

ಬಾಲಪ್ಪ


ಲಿಂಗಸುಗೂರು
ಭಾದ್ರಪದ ಬಹುಳ ತದಿಗೆ

ಎಲೋ ಪುಣ್ಯಾತ್ಮಾ,

ನಾನು ಹೇಳಿದ ಕನ್ನಡಿ ಅದಲ್ಲೋ! ಒಳಗಿನದು! ಮನಸ್ಸಿನದು! ದಿನದ ಕೊನೆಗೆ ಕಣ್ಣು ಮುಚ್ಚಿ ಕೂತು, ಇವತ್ತು ಎಲ್ಲಿ ತಪ್ಪಿದೆ, ಯಾವ ಮಗುವಿಗೆ ಯಾಕೆ ತಿಳಿಯಲಿಲ್ಲ ಎಂದು ವಿಚಾರ ಮಾಡಿಕೋ ಎಂದದ್ದು. ಮೀಸೆ ಎಂದರೆ ಅಹಂಕಾರ. ಇಷ್ಟು ದಿನ ನಾನು ಅನುಭಾವ ಬರೆದರೆ ನೀನು ಕ್ಷೌರ ಬರೆಯುತ್ತಿದ್ದೆ!

ಆ ಮಾಬುಬೀ ನಿಜಕ್ಕೂ ಬಳೆ ಮಾರುವವಳೆಂದು ಮೊದಲೇ ಬಿಡಿಸಿ ಬರೆಯಬಾರದಾಗಿತ್ತೇ? ಬರೆದಿದ್ದೆ ಎನ್ನಬೇಡ. ನಾನು ಕಳಿಸಿದ ತೆಂಗಿನಕಾಯಿ, ಊದುಬತ್ತಿಗೆ ಹಿಗ್ಗಿ ಅವಳು ಮೌಲಾಹುಸೇನನ ಕೈಯಲ್ಲಿ ಹಸಿರು ಬಳೆ ಕಳಿಸಿದ್ದಾಳೆ. "ಮಾಸ್ತರಿಗೆ ನನ್ನ ಸಲಾಮು" ಎಂದೂ ಹೇಳಿ ಕಳಿಸಿದ್ದಾಳೆ. ಅಮರಮ್ಮ ಬಳೆ ತೊಟ್ಟುಕೊಂಡಿದ್ದಾಳೆ, ಅಡಿಗೆ ಮಾತ್ರ ಮಾಡುತ್ತಿಲ್ಲ. "ಯಾರ್ರೀ ಆಕಿ?" ಎಂದು ಕೇಳಿದ್ದಕ್ಕೆ ನಾನು "ಜ್ಞಾನಿ" ಎಂದದ್ದೇ ತಪ್ಪಾಯಿತು.

ನಿಮ್ಮಪ್ಪ ಬದುಕಿದ್ದು ಸಂತೋಷ. ಆದರೆ ಬೆಣ್ಣೆಯ ಮಾತನ್ನು ಊರ ತುಂಬ ಓದಿಸುತ್ತಿದ್ದಾನಂತೆ, ನಿಲ್ಲಿಸಲು ಹೇಳು. ಸತ್ತವನ ಬಗ್ಗೆ ಬರೆದದ್ದು ಬದುಕಿದವನಿಗೆ ಲಾಗೂ ಆಗುವುದಿಲ್ಲ.

ಸಾಹೇಬರು ಬರುವ ಮುಂಚೆ ಆ ಕನ್ನಡಿಯನ್ನು ತೆಗೆದಿಡು. ಶಾಲೆಯೋ ಕ್ಷೌರ ಮಾಡುವ ಹಡಪದವನ ಅಂಗಡಿಯೋ ಎಂದು ಅವರು ಕೇಳಿದರೆ ಅಂದೇ ಬೀಗ!

ಗದ್ದೆಪ್ಪ


ಮಸ್ಕಿ
ಫಸಲಿ ೧೩೪೬, ಆಶ್ವಯುಜ ಬಹುಳ ಪಂಚಮಿ

ಪೂಜ್ಯ ಮಾಸ್ತರೇ,

ಬಹಳ ದಿನ ಬರೆಯಲಿಲ್ಲ, ನಡುವೆ ಫಸಲಿ ವರ್ಷವೇ ಬದಲಾಯಿತು, ಕ್ಷಮಿಸಬೇಕು. ನಿಮ್ಮ ಮಾತು ಮೀರಿದ್ದೆ, ಬರೆಯಲು ಧೈರ್ಯವಾಗಲಿಲ್ಲ. ಕನ್ನಡಿಯನ್ನು ನಾನು ತೆಗೆಯಲಿಲ್ಲ.

ತೆಗೆಯಲು ಮಕ್ಕಳು ಬಿಡಲಿಲ್ಲ. ಅದರಲ್ಲಿ ಒಂದು ಆಟ ಹುಟ್ಟಿಬಿಟ್ಟಿತ್ತು. ನಾನು ಹಲಗೆಯ ಕಡೆ ತಿರುಗಿ ಕನ್ನಡಿಯೊಳಗೆ ನೋಡಿದರೆ ಸಾಕು, ಉತ್ತರ ಗೊತ್ತಿದ್ದವರು ಕೈ ಎತ್ತುವುದು. ಎದುರಿಗೆ ಕೇಳಿದರೆ ನಾಚುವವರು ಕನ್ನಡಿಗೆ ನಾಚುತ್ತ ಇರಲಿಲ್ಲ. ಹೊಟ್ಟೆನೋವುಗಳೆಲ್ಲ ವಾಸಿಯಾದವು, ಸತ್ತ ಅಜ್ಜಿಯರೆಲ್ಲ ಎದ್ದು ಕೂತರು.

ಮೊನ್ನೆ ಸಾಹೇಬರು ಬಂದರು. ಬಹಳ ಸಿಟ್ಟಿನ ಮನುಷ್ಯರೆಂದು ಆದೆಪ್ಪ ಸಾಹುಕಾರರು ಮೊದಲೇ ಬೆವೆತಿದ್ದರು. ಕೋಠಿಯೊಳಗೆ ಕಾಲಿಟ್ಟವರು ಕನ್ನಡಿ ಕಂಡು, ದಾರಿಯ ಧೂಳಿನಲ್ಲಿ ಓರೆಯಾದ ತಮ್ಮ ಟೋಪಿಯನ್ನು ಸರಿಮಾಡಿಕೊಳ್ಳಲು ಅದರೆದುರು ನಿಂತರು. ಕೂಡಲೇ ಹಿಂದೆ ಎಲ್ಲ ಮಕ್ಕಳೂ ಕೈ ಎತ್ತಿದರು! ಸಾಹೇಬರು ಬೆಚ್ಚಿ ತಿರುಗಿದರು. ಕೈಗಳು ಇಳಿದವು. ಮತ್ತೆ ಕನ್ನಡಿ ನೋಡಿದರು. ಮತ್ತೆ ಎದ್ದವು.

ಸಾಹೇಬರಿಗೆ ಮೀಸೆಯಲ್ಲಿ ನಗು ಬಂತು. ಕನ್ನಡಿಯನ್ನೇ ನೋಡುತ್ತ, "ಏಳ್ ಎಂಟ್ಲೆ?" ಎಂದರು. "ಐವತ್ತಾರ್ರೀ" ಎಂದಿತು ಕೋಠಿ. ಓದಿಸಿದರು, ಬರೆಸಿದರು, ಎಲ್ಲ ಕನ್ನಡಿಯೊಳಗಿನಿಂದಲೇ. ಕೊನೆಗೆ ಗ್ಯಾನಮ್ಮನನ್ನು ನೋಡಿ, "ನಿಮ್ಮ ಮಾಸ್ತರ್ ಹೊಡೀತಾರೇನು?" ಎಂದು ಕೇಳಿದರು.

"ಮೊದ್ಲು ಹೊಡೀತಿದ್ರಿ," ಎಂದಳು ಗ್ಯಾನಮ್ಮ. "ಆಮ್ಯಾಲ ಕನ್ನಡ್ಯಾಗ ನೋಡ್ಕೊಂಡ್ರಿ. ಬಿಟ್ರಿ."

ಸಾಹೇಬರು ಮೇಜಿನ ಮುಂದೆ ಕೂತು ಬಹಳ ಹೊತ್ತು ಉರ್ದುವಿನಲ್ಲಿ ಬರೆದರು. ಇಜಾಜತ್ ಸಿಕ್ಕಿತು, ಮಾಸ್ತರೇ! ಶಾಲೆ ಉಳಿಯಿತು. ಅಪ್ಪನಿಗೆ ಹೇಳಿ ಕಳಿಸಿದ್ದಕ್ಕೆ ಉತ್ತರವೂ ಬಂದಿದೆ: "ತಕ್ಕಡಿಗೆ ಬ್ಯಾರೆ ಆಳ ನೋಡ್ತೀನಿ. ಮೀಸಿ ಮಾತ್ರ ಬೆಳಸು, ನಾ ಇನ್ನಾ ಬದುಕೀನಿ."

ಒಂದೇ ತೊಂದರೆ. ಈ ಕಡೆಯ ಖಾನಗಿ ಶಾಲೆಗಳೆಲ್ಲ ಹಲಗೆಯ ಪಕ್ಕ ಹೀಗೆಯೇ ಕನ್ನಡಿ ಹಾಕಬೇಕೆಂದು ಸಾಹೇಬರು ಹುಕುಂ ಮಾಡುತ್ತಾರಂತೆ. "ಲಿಂಗಸುಗೂರಿನಲ್ಲೂ ಅಂಥ ಶಾಲೆ ಒಂದು ಇದೆಯಲ್ಲ?" ಎಂದು ಕೇಳಿದರು. ನನಗೆ ಸುಳ್ಳು ಹೇಳಲಾಗಲಿಲ್ಲ.

ನಿಮ್ಮ ಬಾಲಪ್ಪ


ಲಿಂಗಸುಗೂರು
ಕಾರ್ತಿಕ ಶುದ್ಧ ಅಷ್ಟಮಿ

ಬಾಲಪ್ಪ,

ಹುಕುಂ ಬಂತು. ಜೀವಮಾನವೆಲ್ಲ ಒಳಗಿನ ಕನ್ನಡಿಯ ಉಪದೇಶ ಮಾಡಿದವನ ಶಾಲೆಗೆ ಬಳೆಗಾರತಿಯ ಕನ್ನಡಿ! ತರುವುದಿಲ್ಲವೆಂದು ಹಟ ಹಿಡಿದೆ. ಅಮರಮ್ಮ ಕೇಳಲಿಲ್ಲ. ಮಾಬುಬೀ ಯಾರೆಂದು ಕಣ್ಣಾರೆ ನೋಡಿ ಬರುತ್ತೇನೆಂದು ತಾನೇ ಸಿಂಧನೂರಿಗೆ ಹೋದವಳು, ಆಕೆಯ ಮನೆಯಲ್ಲಿ ಉಂಡು, ಅಕ್ಕತಂಗಿಯಂತಾಗಿ, ಬಾಗಿಲಿನಷ್ಟು ದೊಡ್ಡ ಕನ್ನಡಿಯನ್ನು ಜಟಕಾದಲ್ಲಿ ತಂದಳು. "ದೊಡ್ಡ ಮಾಸ್ತರಿಗೆ ದೊಡ್ಡದ ಬೇಕು" ಎಂದಳಂತೆ ಮಾಬುಬೀ.

ಇವತ್ತು ತೂಗುಹಾಕಿದೆ. ಹಲಗೆಯ ಕಡೆ ತಿರುಗಿ ಬರೆಯಲು ಕೈ ಎತ್ತಿದೆ.

ನಿನ್ನ ಸಣ್ಣ ಕನ್ನಡಿಯಲ್ಲಿ ನಿನಗೆ ಗ್ಯಾನಮ್ಮ ಒಬ್ಬಳು ಕಂಡಳು. ನನ್ನದರಲ್ಲಿ ಇಡೀ ಶಾಲೆ ಕಂಡಿತು. ಎಲ್ಲರೂ, ಒಬ್ಬರೂ ಬಿಡದೆ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದರು.

ನಾನು ಬೆತ್ತ ಮುಟ್ಟಿದವನಲ್ಲ ಎಂದು ನಿನಗೆ ಬರೆದಿದ್ದೆ. ಅದು ನಿಜವೇ. ಕಿವಿ ಹಿಂಡಲು ಬೆತ್ತ ಬೇಕಾಗುವುದಿಲ್ಲ.

ಮೀಸೆ ತೆಗೆಯಲು ನಾಳೆ ಬೆಳಿಗ್ಗೆ ಬಾ ಎಂದು ಹಡಪದವನಿಗೆ ಹೇಳಿದ್ದೇನೆ. ನನ್ನ ತಂದೆ ತೀರಿ ಬಹಳ ವರ್ಷವಾಯಿತು, ದುಃಖ ಮಾತಾಡಿಸಲು ಯಾರೂ ಬರಲಾರರು. ನಿಮ್ಮಪ್ಪನನ್ನು ಕರೆದುಕೊಂಡು ನೀನಾದರೂ ಬಾ.

ಗದ್ದೆಪ್ಪ